ಮಕ್ಕಳಿರುವ ಮನೆಯನ್ನು ಮಾರಾಟಕ್ಕೆ ಅಣಿಗೊಳಿಸುವುದು ಹೇಗೆ?

ಪ್ರಶ್ನೆ: ಹಲವು ವರ್ಷಗಳಿಂದ ವಾಸವಿರುವ ಮನೆಯನ್ನು ಮಾರಲು ನಾವು ನಿರ್ಧರಿಸಿದ್ದೇವೆ. ನಮಗೆ ಎಂಟು ವರ್ಷದ ಮಗಳು ಮತ್ತು ಮೂರು ವರ್ಷದ ಮಗ ಇದ್ದಾರೆ. ಮನೆ ನೋಡಲು ಬರುವವರಿಗೆ ಎಲ್ಲವೂ ಖಾಲಿಯಾಗಿ, ಹೊಸದಾಗಿ ಕಾಣಬೇಕೆಂದು ದಲ್ಲಾಳಿಯವರು ಹೇಳುತ್ತಾರೆ. ಇಲ್ಲಿ ನೋಡಿದರೆ ಗೋಡೆಯ ತುಂಬ ಮಗನ ಕ್ರೇಯಾನ್ ಗೀಚಾಟ. ಬೆಳಿಗ್ಗೆ ಜೋಡಿಸಿಟ್ಟದ್ದು ಮಧ್ಯಾಹ್ನದೊಳಗೆ ಚೆಲ್ಲಾಪಿಲ್ಲಿ. ಆಟಿಕೆಗಳನ್ನು ಪೆಟ್ಟಿಗೆಗೆ ತುಂಬಿದ ದಿನ ಅವನು ಅತ್ತು ರಂಪ ಮಾಡಿದ. ಅರ್ಧ ಗಂಟೆಯಲ್ಲಿ ಬರುತ್ತೇವೆ ಎಂದು ಯಾರಾದರೂ ಕರೆ ಮಾಡಿದರೆ ನನಗೆ ಕೈಕಾಲೇ ಆಡುವುದಿಲ್ಲ. ಯಾವುದರಿಂದ ಆರಂಭಿಸಬೇಕು? ಮಕ್ಕಳಿಗೆ ವಿಷಯವನ್ನು ಹೇಗೆ ತಿಳಿಸಬೇಕು?

ಉತ್ತರ: ಮಕ್ಕಳೇ ಇಲ್ಲದ ಮನೆಯಂತೆ ಕಾಣಿಸಬೇಕೆಂಬ ಹಟವನ್ನು ಮೊದಲು ಬಿಡಿ. ಆಟಿಕೆಗಳೂ ಪುಟ್ಟ ಚಪ್ಪಲಿಗಳೂ ನಿಮ್ಮೊಡನೆಯೇ ಹೊರಟುಹೋಗುತ್ತವೆ ಎಂಬುದು ಕೊಳ್ಳುವವರಿಗೆ ಗೊತ್ತಿರುತ್ತದೆ. ಅವರನ್ನು ಹಿಂಜರಿಯುವಂತೆ ಮಾಡುವುದು ನೀವು ಹೋದ ಮೇಲೂ ಅಲ್ಲೇ ಉಳಿಯುವ ದೋಷಗಳು: ಚಾವಣಿಯ ಮೂಲೆಯಲ್ಲಿನ ತೇವದ ಕಲೆ, ತೊಟ್ಟಿಕ್ಕುವ ನಲ್ಲಿ, ಸರಿಯಾಗಿ ಮುಚ್ಚದ ಬಾಗಿಲು, ಸಡಿಲವಾದ ಸ್ವಿಚ್ಚು. ಇಂಥ ಸಣ್ಣಪುಟ್ಟ ಲೋಪಗಳು ನಾಲ್ಕಾರು ಕಡೆ ಕಣ್ಣಿಗೆ ಬಿದ್ದರೆ, ಕಾಣದ ಕಡೆ ಇನ್ನೇನಿದೆಯೋ ಎಂಬ ಅನುಮಾನ ಹುಟ್ಟುತ್ತದೆ. ಆದ್ದರಿಂದ ನಿಮ್ಮ ಹಣ ಮತ್ತು ಬಿಡುವನ್ನು ಮೊದಲು ದುರಸ್ತಿಗೆ, ಆಮೇಲೆ ಬಣ್ಣಕ್ಕೆ, ಕೊನೆಯಲ್ಲಿ ಒಪ್ಪ ಓರಣಕ್ಕೆ ಹಂಚಿಕೊಳ್ಳಿ. ಸೋರಿಕೆಯನ್ನು ನಿಲ್ಲಿಸಿ, ಗೋಡೆ ಪೂರ್ತಿ ಒಣಗುವ ಮುನ್ನ ಬಣ್ಣ ಬಳಿದರೆ ಕಲೆ ಮತ್ತೆ ಮೇಲೇಳುತ್ತದೆ. ಗೊತ್ತಿರುವ ದೋಷವನ್ನು ಬಣ್ಣದಡಿ ಮುಚ್ಚಿಟ್ಟು ಮಾರುವುದು ತಪ್ಪಷ್ಟೇ ಅಲ್ಲ, ಮುಂದೆ ವ್ಯಾಜ್ಯಕ್ಕೂ ದಾರಿಯಾದೀತು.

ಗೀಚಾಟದ ಮೇಲೆ ನೇರವಾಗಿ ಬಣ್ಣ ಹೊಡೆಸಬೇಡಿ. ಕ್ರೇಯಾನ್ ಎಂದರೆ ಮೇಣ. ನೀರು ಬೆರೆಸುವ ಬಣ್ಣ ಮೇಣದ ಮೇಲೆ ಸರಿಯಾಗಿ ಹಿಡಿಯುವುದಿಲ್ಲ. ಮೆತ್ತನೆಯ ಬಟ್ಟೆಯನ್ನು ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ, ಅದರ ಮೇಲೆ ಚಿಟಿಕೆ ಅಡುಗೆ ಸೋಡಾ ಉದುರಿಸಿ ಹಗುರವಾಗಿ ಒರೆಸಿದರೆ ಮೇಣದ ಬಹುಭಾಗ ಎದ್ದುಬರುತ್ತದೆ. ಯಾರಿಗೂ ಕಾಣದ ಮೂಲೆಯೊಂದರಲ್ಲಿ ಮೊದಲು ಪರೀಕ್ಷಿಸಿ ನೋಡುವುದು ಒಳ್ಳೆಯದು, ಏಕೆಂದರೆ ಜೋರಾಗಿ ಉಜ್ಜಿದರೆ ಹಳೆಯ ಬಣ್ಣವೂ ಕಿತ್ತುಬರಬಹುದು. ಬಾಲ್‌ಪೆನ್ ಮತ್ತು ಸ್ಕೆಚ್ ಪೆನ್ನಿನ ಗೆರೆಗಳು ಇನ್ನೂ ಹಟಮಾರಿ. ಅವುಗಳ ಶಾಯಿ ಹೊಸ ಬಣ್ಣದಲ್ಲಿ ಕರಗಿ ಪದರಗಳ ಮೂಲಕ ಮೇಲಕ್ಕೆ ಇಣುಕುತ್ತದೆ. ಅಲ್ಲಿ ಕಲೆ ತಡೆಯುವ ಪ್ರೈಮರನ್ನು ಹಚ್ಚಿ, ಒಣಗಿದ ಮೇಲೆಯೇ ಬಣ್ಣ ಬಳಿಸಿ. ಈ ಕೆಲಸವನ್ನು ಮನೆ ತೋರಿಸುವುದಕ್ಕೆ ಸ್ವಲ್ಪ ಮುಂಚೆ ಮಾಡಿಸಿದರೆ ಸಾಕು. ಬಹಳ ಮೊದಲೇ ಮಾಡಿಸಿದರೆ ನಿಮ್ಮ ಕಲಾವಿದನಿಗೆ ಹೊಸ ಹಾಳೆ ಸಿಕ್ಕಂತಾಗುತ್ತದೆ.

ಬಣ್ಣದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆ ಹಳೆಯದಾಗಿದ್ದರೆ ಕೆಳಪದರದ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿದೆ, ಮತ್ತು ಒಣಗೋಡೆಯನ್ನು ಉಜ್ಜಿದಾಗ ಏಳುವ ಧೂಳು ನೆಲದಲ್ಲಿ ಆಡುವ, ಕೈಯನ್ನು ಬಾಯಿಗೆ ಹಾಕಿಕೊಳ್ಳುವ ಚಿಕ್ಕ ಮಕ್ಕಳ ಹೊಟ್ಟೆ ಸೇರುತ್ತದೆ. ಸೀಸದ ಸಂಪರ್ಕಕ್ಕೆ ಅಪಾಯವಿಲ್ಲದ ಪ್ರಮಾಣವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಅದು ಮಾಡುವ ಹಾನಿ ಹೆಚ್ಚು. ಅನುಮಾನವಿದ್ದರೆ ಬಣ್ಣವನ್ನು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಆ ಗೋಡೆಗಳನ್ನು ಉಜ್ಜುವುದು, ಕೆರೆಯುವುದು ಬೇಡ. ಸೀಸ ಇರುವುದು ಖಚಿತವಾದರೆ ಆ ಕೆಲಸವನ್ನು ಅದರಲ್ಲಿ ತರಬೇತಿ ಪಡೆದವರಿಗೇ ಒಪ್ಪಿಸಿ, ಅದು ಮುಗಿದು ಮನೆ ಶುಚಿಯಾಗುವವರೆಗೆ ಮಕ್ಕಳನ್ನು ಬೇರೆಡೆ ಇರಿಸಿ.

ಸಾಮಾನು ಕಟ್ಟುವಾಗಲೂ ಇಂಥದೇ ಒಂದು ಅಪಾಯ ಗಮನಕ್ಕೆ ಬಾರದೆ ಉಳಿದುಬಿಡುತ್ತದೆ. ಕೆಳಗಿನ ಡ್ರಾಯರುಗಳು ಕೈಗೆಟಕುವಂತಿರುವುದರಿಂದ ಅವನ್ನೇ ಮೊದಲು ಖಾಲಿ ಮಾಡುತ್ತೇವೆ. ಭಾರವೆಲ್ಲ ಮೇಲುಗಡೆ ಉಳಿದ ಬೀರು, ಮಗು ಡ್ರಾಯರನ್ನು ಎಳೆದು ಹತ್ತಿದೊಡನೆ ಮುಂದಕ್ಕೆ ವಾಲಬಹುದು. ಆದ್ದರಿಂದ ಮೇಲಿನಿಂದ ಕೆಳಕ್ಕೆ ಖಾಲಿ ಮಾಡುತ್ತ ಬನ್ನಿ. ಬೀರನ್ನು ಗೋಡೆಗೆ ಬಿಗಿದಿರುವ ಪಟ್ಟಿಗಳನ್ನು, ಮೆಟ್ಟಿಲಿನ ಗೇಟನ್ನು, ಕಿಟಕಿಯ ತಡೆಗಳನ್ನು ಅಂದ ಕೆಡುತ್ತದೆಂದು ಮೊದಲೇ ಬಿಚ್ಚಬೇಡಿ. ಅವು ಮನೆ ಬಿಡುವ ದಿನದವರೆಗೂ ಇರಲಿ.

ಸಾಮಾನು ಕಡಿಮೆ ಮಾಡುವಾಗ ಹಾಲ್, ಅಡುಗೆಮನೆ ಮತ್ತು ಬಚ್ಚಲುಮನೆಗೆ ಆದ್ಯತೆ ಕೊಡಿ. ಮಕ್ಕಳ ಕೋಣೆಯನ್ನು ಕೊನೆಗೆ ಬಿಡಿ; ಅಲ್ಲೂ ಮಲಗುವ ಜಾಗವನ್ನು ಮತ್ತು ನಿತ್ಯದ ಹೊದಿಕೆ, ಬೊಂಬೆಗಳನ್ನು ಮುಟ್ಟಬೇಡಿ. ನಿಮ್ಮ ಮಗ ಅತ್ತದ್ದು ಆಟಿಕೆಯ ಆಸೆಯಿಂದ ಮಾತ್ರವಲ್ಲ. ಕಣ್ಣೆದುರು ಪೆಟ್ಟಿಗೆ ಸೇರಿದ ವಸ್ತು ಮತ್ತೆ ಬರುತ್ತದೆ ಎಂಬ ಭರವಸೆ ಮೂರು ವರ್ಷದವನಲ್ಲಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಪೆಟ್ಟಿಗೆ ತುಂಬುವಾಗ ಅವನ ಕೈಯಿಂದಲೇ ತುಂಬಿಸಿ, ಮೇಲೆ ಅವನೇ ಚಿತ್ರ ಬರೆಯಲಿ, ಮತ್ತು ಕೇಳಿದಾಗ ತೆರೆದು ತೋರಿಸಬಹುದಾದ ಒಂದು ಪೆಟ್ಟಿಗೆಯನ್ನು ಹೊರಗಿಡಿ. ಅವನು ನಿದ್ದೆಯಲ್ಲಿದ್ದಾಗ ಕದ್ದುಮುಚ್ಚಿ ಆಟಿಕೆಗಳನ್ನು ಹೊರಹಾಕುವುದು ಸುಲಭವೆನಿಸಿದರೂ, ಮರುದಿನದಿಂದ ಅವನು ಉಳಿದ ಎಲ್ಲವನ್ನೂ ಕಾವಲು ಕಾಯಲು ತೊಡಗುತ್ತಾನೆ.

ಮಗಳಿಗೆ ಈಗಲೇ ಹೇಳಿ, ಅದೂ ಹೊರಗಿನವರ ಬಾಯಿಂದ ಕೇಳುವ ಮೊದಲು. ಏಕೆ ಮಾರುತ್ತಿದ್ದೇವೆ, ಶಾಲೆ ಬದಲಾಗುತ್ತದೆಯೇ, ಗೆಳತಿಯರ ಭೇಟಿ ಹೇಗೆ ಎಂಬ ಅವಳ ಪ್ರಶ್ನೆಗಳಿಗೆ ಗೊತ್ತಿರುವಷ್ಟನ್ನು ನಿಜವಾಗಿ ಹೇಳಿ, ನಿರ್ಧಾರವಾಗದ್ದನ್ನು ನಿರ್ಧಾರವಾಗಿಲ್ಲ ಎಂದೇ ತಿಳಿಸಿ. ಹೊಸ ಮನೆ ಇದಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ ಎಂದು ಪುಸಲಾಯಿಸುವುದಕ್ಕಿಂತ ಅವಳ ಬೇಸರಕ್ಕೆ ಜಾಗ ಕೊಡುವುದು ಮೇಲು. ಮಗನಿಗಾದರೋ ತಿಂಗಳುಗಳ ಲೆಕ್ಕ ತಿಳಿಯದು. ದಿನ ಸಮೀಪಿಸಿದಾಗ, ನಾವೆಲ್ಲರೂ ಒಟ್ಟಿಗೆ ಹೋಗುತ್ತೇವೆ, ನಿನ್ನ ಹಾಸಿಗೆಯೂ ಬರುತ್ತದೆ ಎಂಬ ಎರಡು ಮಾತನ್ನು ಮತ್ತೆ ಮತ್ತೆ ಹೇಳಿದರೆ ಸಾಕು.

ಇನ್ನು ಅರ್ಧ ಗಂಟೆಯ ಕರೆಗಳು. ಇವನ್ನು ಒಪ್ಪಿಕೊಳ್ಳಲೇಬೇಕೆಂಬ ನಿಯಮವಿಲ್ಲ. ವಾರದಲ್ಲಿ ಇಂತಿಂಥ ದಿನ, ಇಂತಿಂಥ ಹೊತ್ತಿನಲ್ಲಿ ಮಾತ್ರ ಮನೆ ತೋರಿಸಲಾಗುವುದೆಂದು ದಲ್ಲಾಳಿಗೆ ಸ್ಪಷ್ಟವಾಗಿ ತಿಳಿಸಿ. ಮಗ ಮಲಗುವ ವೇಳೆ ಅದರಲ್ಲಿ ಸೇರದಿರಲಿ. ಕೊಳ್ಳುವ ಮನಸ್ಸಿರುವವರು ಒಂದು ದಿನ ಕಾಯುತ್ತಾರೆ. ಆ ವೇಳೆಗೆ ಮಕ್ಕಳನ್ನು ಒಬ್ಬರು ಹೊರಗೆ ಕರೆದೊಯ್ದರೆ ಬಂದವರೂ ಸಂಕೋಚವಿಲ್ಲದೆ ನೋಡುತ್ತಾರೆ. ಪ್ರತಿ ಕೋಣೆಯಲ್ಲೂ ಮುಚ್ಚಳವಿರುವ ಬುಟ್ಟಿಯೊಂದನ್ನು ಇಟ್ಟುಕೊಳ್ಳಿ. ಹರಡಿದ್ದನ್ನೆಲ್ಲ ಅದರಲ್ಲಿ ಹಾಕಿ ಮುಚ್ಚಿದರೆ ಆಯಿತು. ಕಿಟಕಿಗಳನ್ನು ಸ್ವಲ್ಪ ಮೊದಲೇ ತೆರೆಯಿರಿ, ಏಕೆಂದರೆ ನಮ್ಮ ಮನೆಯ ವಾಸನೆ ನಮ್ಮ ಮೂಗಿಗೆ ಒಗ್ಗಿಹೋಗಿರುತ್ತದೆ.

ಜಾಹೀರಾತಿಗೆ ಚಿತ್ರ ತೆಗೆಯುವ ಮುನ್ನ ಮಕ್ಕಳ ಭಾವಚಿತ್ರ, ಹೆಸರಿರುವ ಪ್ರಮಾಣಪತ್ರ, ಶಾಲೆಯ ಸಮವಸ್ತ್ರ ಮತ್ತು ವೇಳಾಪಟ್ಟಿಗಳನ್ನು ಗೋಡೆಯಿಂದ ಇಳಿಸಿ. ಮನೆಯ ವಿಳಾಸದ ಜೊತೆಗೆ ಅವು ಅಪರಿಚಿತರ ಕಣ್ಣಿಗೆ ಬೀಳಬಾರದು. ಔಷಧಿ, ಒಡವೆ, ಕಾಗದಪತ್ರಗಳು ಬೀಗದೊಳಗಿರಲಿ. ಬೆಲೆ ಕುದುರುವ ಹಂತದಲ್ಲಿ ಮನೆ ಬಿಟ್ಟುಕೊಡುವ ದಿನವನ್ನೂ ಚರ್ಚೆಗೆ ತನ್ನಿ. ಮಗಳ ಪರೀಕ್ಷೆ ಮುಗಿಯುವವರೆಗಿನ ಕಾಲಾವಕಾಶವನ್ನು ಬಾಯಿಮಾತಿಗೆ ಬಿಡದೆ ಕರಾರಿನಲ್ಲಿಯೇ ಬರೆಸಿಕೊಳ್ಳಿ.