ಮೂರು ಪಂದ್ಯ ಸೋತವರ ಚಿನ್ನ

ಓದುಗರ ಪತ್ರ: ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ವಾಟರ್ ಪೋಲೊಗೆ (ಕೊಳದಲ್ಲಿ ಈಜುತ್ತಾ ಚೆಂಡೆಸೆದು ಗೋಲು ಹೊಡೆಯುವ ಆಟ) ನೀವು ನಾಲ್ಕು ಪುಟ ಕೊಟ್ಟಿದ್ದೀರಿ. ಗುಂಪಿನಲ್ಲಿ ಮೂರು ಪಂದ್ಯ ಸೋತ ಸೆರ್ಬಿಯಾಕ್ಕೆ ಚಿನ್ನ, ಐದಕ್ಕೆ ಐದೂ ಗೆದ್ದ ಸ್ಪೇನ್‌ಗೆ ಬರಿಗೈ. ಇದು ಯಾವ ನ್ಯಾಯ? ನೀರಿನಲ್ಲಿ ಒಬ್ಬರನ್ನೊಬ್ಬರು ಅದುಮುವುದು ಬಿಟ್ಟರೆ ಈ ಆಟದಲ್ಲಿ ಏನಿದೆ? ನಮ್ಮವರೇ ಆಡದ ಆಟಕ್ಕೆ ಅಷ್ಟು ಜಾಗ ಯಾಕೆ? ಮೊಮ್ಮಗ ಈಜು ಕಲಿಯುತ್ತಿದ್ದಾನೆ, ಅವನಿಗೂ ಇದು ಅರ್ಥವಾಗಲಿಲ್ಲ. — ಶಿವಮೊಗ್ಗದ ಓದುಗರು

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರದಲ್ಲಿ ಸಿಟ್ಟಿದೆ, ಆದರೆ ಲೆಕ್ಕ ತಪ್ಪಿಲ್ಲ. ಸೆರ್ಬಿಯಾ ಮೊದಲ ಪಂದ್ಯದಲ್ಲಿ ಜಪಾನ್ ಎದುರು 16–15ರಲ್ಲಿ ಏದುಸಿರು ಬಿಡುತ್ತಾ ಗೆದ್ದಿತು. ಆಸ್ಟ್ರೇಲಿಯಾ ಎದುರು 3–8ರಲ್ಲಿ ಸೋತಿತು. ಇಡೀ ಪಂದ್ಯದಲ್ಲಿ ಮೂರೇ ಗೋಲು! ಸ್ಪೇನ್ ಮತ್ತು ಹಂಗೇರಿ ಎದುರೂ ಸೋಲು. ಗುಂಪಿನಲ್ಲಿ ನಾಲ್ಕನೇ ಜಾಗ. ಇನ್ನೊಂದು ಸಂಗತಿ ಕೇಳಿದರೆ ನಿಮ್ಮ ಸಿಟ್ಟು ಜಾಸ್ತಿಯೇ ಆಗಬಹುದು. ಫೈನಲ್‌ನಲ್ಲಿ ಎದುರಾದ ಕ್ರೊವೇಷಿಯಾ ಕೂಡ ತನ್ನ ಗುಂಪಿನಲ್ಲಿ ನಾಲ್ಕನೆಯದೇ. ಎಂಟರ ಘಟ್ಟದಲ್ಲಿ (ಕ್ವಾರ್ಟರ್ ಫೈನಲ್) ಸ್ಪೇನ್‌ನ್ನು 10–8ರಲ್ಲಿ ಮನೆಗೆ ಕಳಿಸಿದ್ದು ಅದೇ ತಂಡ.

ಪಂದ್ಯಾವಳಿಯ ವ್ಯವಸ್ಥೆ ಬಗ್ಗೆ ನಿಮ್ಮ ತಕರಾರನ್ನು ನಾನು ಒಪ್ಪುತ್ತೇನೆ. ಒಟ್ಟು 12 ತಂಡ, ಆರಾರರ ಎರಡು ಗುಂಪು. ಗುಂಪಿನ ಪಂದ್ಯಗಳೇ 30. ಅಷ್ಟು ಆಡಿಸಿ ಕೊನೆಗೆ ಹೊರಗೆ ಹಾಕುವುದು ಬರೀ ನಾಲ್ಕು ತಂಡಗಳನ್ನು. ಮೊದಲನೆಯವನಿಗೂ ನಾಲ್ಕನೆಯವನಿಗೂ ಒಂದೇ ಬಾಗಿಲು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹೀಗಿಲ್ಲ. ಅಲ್ಲಿ 16 ತಂಡ, ನಾಲ್ಕು ಗುಂಪು. ಗುಂಪಿನಲ್ಲಿ ಮೊದಲು ಬಂದವರು ನೇರವಾಗಿ ಎಂಟರ ಘಟ್ಟಕ್ಕೆ ಹೋಗುತ್ತಾರೆ. ಎರಡು, ಮೂರನೆಯವರು ಅದಕ್ಕಾಗಿ ಇನ್ನೊಂದು ಪಂದ್ಯ ಆಡಬೇಕು. ಮೊದಲು ಬಂದಿದ್ದಕ್ಕೆ ಒಂದು ಬೆಲೆ ಸಿಗುತ್ತದೆ. ಒಲಿಂಪಿಕ್ಸ್‌ನಲ್ಲೂ ಅಂಥದ್ದೇನಾದರೂ ಬೇಕು ಅನ್ನುವುದು ನನ್ನ ಅಭಿಪ್ರಾಯ.

ಆದರೆ ಸೆರ್ಬಿಯಾದ ಚಿನ್ನ ಅನ್ಯಾಯದ್ದು ಅನ್ನುವ ಮಾತನ್ನು ಒಪ್ಪಲಾರೆ. ನೀವು ಎಷ್ಟೋ ತಾಲ್ಲೂಕು ಪಂದ್ಯಾವಳಿಗಳನ್ನು ಲೀಗ್-ಕಂ-ನಾಕೌಟ್ ಮಾಡಿ ನಡೆಸಿರುತ್ತೀರಿ. 1992ರ ಕ್ರಿಕೆಟ್ ವಿಶ್ವಕಪ್ ನೆನಪಿದೆಯಲ್ಲ? ಪಾಕಿಸ್ತಾನ ಲೀಗ್‌ನಲ್ಲಿ ಸೋತದ್ದು ಮೂರು ಪಂದ್ಯ, ಬಂದದ್ದು ನಾಲ್ಕನೇ ಸ್ಥಾನ. ಸೆಮಿಫೈನಲ್‌ನಲ್ಲಿ ಅವರು ಸೋಲಿಸಿದ್ದು ಲೀಗ್‌ನಲ್ಲಿ ಮೊದಲು ಬಂದ ನ್ಯೂಜಿಲೆಂಡ್‌ನ್ನು. ಆ ಕಪ್ಪನ್ನು ಅನ್ಯಾಯದ್ದು ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಸೆರ್ಬಿಯಾದ ದಾರಿಯೂ ಹಾಗೇ ಇತ್ತು. ಎಂಟರ ಘಟ್ಟದಲ್ಲಿ ಸಿಕ್ಕಿದ್ದು ಆ ಕಡೆಯ ಗುಂಪಿನಲ್ಲಿ ಮೊದಲು ಬಂದ ಗ್ರೀಸ್. 12–11ರ ಗೆಲುವು, ಒಂದೇ ಗೋಲಿನ ಅಂತರ. ಆಮೇಲೆ ಸೆಮಿಫೈನಲ್‌ನಲ್ಲಿ ಅಮೆರಿಕ ಎದುರು 10–6. ಆಗಸ್ಟ್ 11ರಂದು, ಕ್ರೀಡಾಕೂಟದ ಕೊನೆಯ ದಿನ, ಕ್ರೊವೇಷಿಯಾ ಎದುರು 13–11. ಫೈನಲ್ ನಡೆದ ಲಾ ಡಿಫಾನ್ಸ್ ಅರೀನಾ ಮಾಮೂಲಿ ದಿನಗಳಲ್ಲಿ ರಗ್ಬಿ ಮೈದಾನ. ಒಲಿಂಪಿಕ್ಸ್‌ಗೆಂದೇ ಅದರೊಳಗೆ ಕೊಳ ಕೂರಿಸಿದ್ದರು. ಈ ಎರಡೂ ದೇಶದವರು ಹಿಂದೆ ಯುಗೊಸ್ಲಾವಿಯಾ ಎಂಬ ಒಂದೇ ತಂಡಕ್ಕೆ ಆಡುತ್ತಿದ್ದರು. 1968, 1984, 1988ರಲ್ಲಿ ಆ ತಂಡ ಚಿನ್ನ ಗೆದ್ದಿತ್ತು. ದೇಶ ಒಡೆದ ಮೇಲೂ ಎರಡೂ ಕಡೆ ಆಟ ಉಳಿದುಕೊಂಡಿತು ನೋಡಿ. ಆ ಫೈನಲ್ ನೋಡುವಾಗ ನನಗೆ ಗಂಟಲು ಕಟ್ಟಿದ್ದು ಈ ಕಾರಣಕ್ಕೇ.

ಸೆರ್ಬಿಯಾ ಹೀಗೆ ಎಡವುತ್ತಾ ಬಂದು ಗೆದ್ದದ್ದು ಇದೇ ಮೊದಲಲ್ಲ. 2016ರ ರಿಯೊದಲ್ಲಿ ಹಂಗೇರಿ, ಗ್ರೀಸ್ ಎದುರು ಡ್ರಾ ಮಾಡಿಕೊಂಡು, ಬ್ರೆಜಿಲ್ ಎದುರು 5–6ರಲ್ಲಿ ಸೋತಿದ್ದರು. ಚಿನ್ನ ಅವರದ್ದೇ ಆಯಿತು. ಟೋಕಿಯೊದಲ್ಲಿ ಸ್ಪೇನ್, ಕ್ರೊವೇಷಿಯಾ ಎದುರು ಸೋತರು. ಮತ್ತೆ ಚಿನ್ನ. ಪ್ಯಾರಿಸ್‌ನದು ಸತತ ಮೂರನೆಯದು. ಹಂಗೇರಿ 2000, 2004, 2008ರಲ್ಲಿ ಮಾಡಿದ್ದ ಸಾಧನೆ ಇದು. ಮೂರು ಒಲಿಂಪಿಕ್ಸ್‌ನಲ್ಲೂ ಒಂದೇ ರೀತಿ ನಡೆದರೆ ಅದನ್ನು ಸುಮ್ನೆ ಅದೃಷ್ಟ ಅನ್ನೋಕೆ ಆಗಲ್ಲ ಅಲ್ವಾ?

ಅದೂ ಪ್ಯಾರಿಸ್‌ಗೆ ಬಂದದ್ದು ಹಳೆಯ ತಂಡವಲ್ಲ. ಟೋಕಿಯೊ ಆದ ಮೇಲೆ ಫಿಲಿಪ್ ಫಿಲಿಪೊವಿಚ್, ಆಂಡ್ರಿಯಾ ಪ್ರ್ಲೈನೊವಿಚ್ ತರದ ದೊಡ್ಡ ಆಟಗಾರರು ರಾಷ್ಟ್ರೀಯ ತಂಡ ಬಿಟ್ಟಿದ್ದರು. ಎಡಗೈ ಆಟಗಾರ ದುಶಾನ್ ಮಾಂಡಿಚ್‌ನಂಥ ಕೆಲವರು ಮಾತ್ರ ಉಳಿದಿದ್ದರು. ಅವರ ಸುತ್ತ ಹೊಸ ತಂಡ ಕಟ್ಟಬೇಕಿತ್ತು. ಹೊಸಬರಿಗೆ ಒಬ್ಬರ ಪಾಸ್ ಇನ್ನೊಬ್ಬರಿಗೆ ಹೊಂದಿಕೊಳ್ಳಲು ಪಂದ್ಯಗಳು ಬೇಕು. ಗುಂಪಿನ ಐದು ಪಂದ್ಯಗಳು ಅವರಿಗೆ ಆ ಕೆಲಸ ಮಾಡಿಕೊಟ್ಟವು ಅಂತ ನನಗೆ ಅನಿಸುತ್ತದೆ.

ಇನ್ನು ಅದುಮುವ ವಿಷಯ. ನೀವು ಕಬಡ್ಡಿ ಆಡಿಸಿದವರು, ನಿಮಗೆ ಬೇಗ ಹಿಡಿಸುತ್ತದೆ. ಕಬಡ್ಡಿಯಲ್ಲಿ ಒಂದು ರೈಡ್‌ಗೆ 30 ಸೆಕೆಂಡು. ಪ್ಯಾರಿಸ್‌ನಲ್ಲಿ ಒಂದು ದಾಳಿಗೂ ಅಷ್ಟೇ ಸಮಯ, ಅಷ್ಟರೊಳಗೆ ಚೆಂಡನ್ನು ಗೋಲಿನತ್ತ ಎಸೆಯಬೇಕು. ಗೋಲಿ, ಅಂದರೆ ಗೋಲ್‌ಕೀಪರ್, ಸೇರಿ ಒಂದು ಕಡೆ ಏಳು ಜನ. ಎಂಟೆಂಟು ನಿಮಿಷದ ನಾಲ್ಕು ಪಾಳಿ. ಗೋಲಿ ಬಿಟ್ಟು ಯಾರೂ ಚೆಂಡನ್ನು ಎರಡೂ ಕೈಯಲ್ಲಿ ಹಿಡಿಯುವಂತಿಲ್ಲ. ಚೆಂಡು ಹಿಡಿದವನನ್ನು ಅದುಮಬಹುದು, ನಿಯಮವೇ ಬಿಡುತ್ತದೆ. ಚೆಂಡು ಹಿಡಿಯದವನನ್ನು ಹಿಡಿದರೆ, ಮುಳುಗಿಸಿದರೆ, ಹಿಂದಕ್ಕೆ ಎಳೆದರೆ ತಪ್ಪು. ಹಾಗೆ ಮಾಡಿದವನು ಪ್ಯಾರಿಸ್‌ನ ನಿಯಮದಂತೆ 20 ಸೆಕೆಂಡು ಹೊರಗಿರಬೇಕಿತ್ತು. ಆಗ ಗೋಲಿಯ ಮುಂದೆ ಐದು ಜನ, ಎದುರು ಆರು ಜನ. ಬಹಳಷ್ಟು ಪಂದ್ಯಗಳ ಹಣೆಬರಹ ಆ 20 ಸೆಕೆಂಡಿನಲ್ಲೇ ತೀರ್ಮಾನವಾಗುತ್ತದೆ. ಮೂರು ಸಲ ಇಂಥ ತಪ್ಪು ಮಾಡಿದವನು ಆ ಪಂದ್ಯಕ್ಕೆ ಮತ್ತೆ ಇಳಿಯುವಂತಿಲ್ಲ.

ನೆಲ ಮುಟ್ಟುವಂತಿಲ್ಲ ಅನ್ನುವುದು ಇನ್ನೊಂದು ಕಷ್ಟ. ನಾನು ಈಜು ಕಲಿತದ್ದು ತೋಟದ ಬಾವಿಯಲ್ಲಿ, ಸೊಂಟಕ್ಕೆ ಬೆಂಡು ಕಟ್ಟಿಕೊಂಡು. ಮುಂದಕ್ಕೆ ಈಜುವುದು ಬೇಗ ಬಂತು. ಒಂದೇ ಕಡೆ ನೀರಿನಲ್ಲಿ ನಿಲ್ಲುವುದಕ್ಕೆ ಮಾತ್ರ ಇವತ್ತಿಗೂ ಸುಸ್ತು. ಈ ಆಟಗಾರರು ಮಂಡಿ ಮಡಚಿ ಒಂದು ಕಾಲನ್ನು ಈ ಕಡೆ, ಇನ್ನೊಂದನ್ನು ಆ ಕಡೆ ತಿರುಗಿಸುತ್ತಲೇ ಇರುತ್ತಾರೆ, ಮಜ್ಜಿಗೆ ಕಡೆಯುವ ಹಾಗೆ. ಆ ಬಲದಲ್ಲೇ ಸೊಂಟದವರೆಗೂ ನೀರಿನಿಂದ ಮೇಲೆದ್ದು ಎಸೆಯುತ್ತಾರೆ. ಟಿ.ವಿ.ಯಲ್ಲಿ ನಮಗೆ ಕಾಣುವುದು ಟೋಪಿ ಮತ್ತು ಕೈ. ದುಡಿಮೆಯೆಲ್ಲ ನೀರಿನ ಕೆಳಗೆ.

ಆಟ ಕೈಮೀರಿದ್ದೂ ಉಂಟು, ಮುಚ್ಚಿಡುವುದಿಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್. ಕೆಲವೇ ವಾರಗಳ ಹಿಂದೆ ಸೋವಿಯತ್ ಟ್ಯಾಂಕುಗಳು ಹಂಗೇರಿಯ ದಂಗೆಯನ್ನು ಹೊಸಕಿ ಹಾಕಿದ್ದವು. ಆ ಎರಡು ದೇಶಗಳೇ ಕೊಳದಲ್ಲಿ ಎದುರುಬದುರಾದವು. ಹಂಗೇರಿ 4–0 ಮುಂದಿದ್ದಾಗ ಎರ್ವಿನ್ ಝಾಡೊರ್ ಎಂಬ ಹುಡುಗನ ಮುಖಕ್ಕೆ ಎದುರಾಳಿ ಗುದ್ದಿದ. ಮುಖದ ತುಂಬ ರಕ್ತ. ಜನ ರೊಚ್ಚಿಗೆದ್ದರು, ಪಂದ್ಯ ನಿಲ್ಲಿಸಬೇಕಾಯಿತು. ಗೆಲುವು ಹಂಗೇರಿಗೆ ಸಿಕ್ಕಿತು, ಆಮೇಲೆ ಚಿನ್ನವೂ ಸಿಕ್ಕಿತು. ಅವತ್ತಿನ ಕೋಪ ಹುಟ್ಟಿದ್ದು ಬುಡಾಪೆಸ್ಟ್‌ನ ಬೀದಿಗಳಲ್ಲಿ. ಅದನ್ನು ಆಟದ ತಲೆಗೆ ಕಟ್ಟಬಾರದು.

"ನಮ್ಮವರೇ ಆಡದ ಆಟ" ಎಂಬ ಮಾತು ನನಗೆ ನಿಜವಾಗಿಯೂ ನೋವು ತಂದಿತು. 1951ರಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ವಾಟರ್ ಪೋಲೊ ಚಿನ್ನ ಗೆದ್ದದ್ದು ಭಾರತ, ಮೇಷ್ಟ್ರೇ. ಅದೇ ಕೂಟದಲ್ಲಿ 100 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದ ಸಚಿನ್ ನಾಗ್ ಆ ತಂಡದಲ್ಲಿದ್ದರು. 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲೂ ನಮ್ಮ ತಂಡ ಆಡಿತ್ತು. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ, 1982ರ ದಿಲ್ಲಿಯಲ್ಲಿ ಕಂಚು ಬಂತು. ಆಮೇಲೆ ಪದಕವಿಲ್ಲ. ಇದಕ್ಕೆ ಉದ್ದಗಲಕ್ಕೂ ಎರಡು ಮೀಟರ್ ಆಳದ ಕೊಳ ಬೇಕು. ನಮ್ಮ ಊರುಗಳ ಎಷ್ಟೋ ಕೊಳಗಳಲ್ಲಿ ಒಂದು ತುದಿಯ ನೀರು ಎದೆಮಟ್ಟಕ್ಕೂ ಬರುವುದಿಲ್ಲ. ಹುಡುಗರು ಈ ಆಟ ಕಲಿಯುವುದಾದರೂ ಎಲ್ಲಿ?

ಹಾಗಾಗಿ ಮುಂದಿನ ಸಲವೂ ನಾಲ್ಕು ಪುಟ ಕೊಡುತ್ತೇವೆ. ಅಷ್ಟರಲ್ಲಿ ನಿಮ್ಮ ಮೊಮ್ಮಗನ ಈಜು ಕೋಚ್ ಹತ್ತಿರ ಒಂದು ಮಾತು ಕೇಳಿ ನೋಡಿ. ಕೋಚ್ ಪಕ್ಕದಲ್ಲೇ ಇರುವಾಗ, ಆಳವಿರುವ ಕಡೆ, ಹುಡುಗ ಎರಡೂ ಕೈ ಮೇಲೆತ್ತಿ ಕಾಲಿನ ಬಲದಲ್ಲೇ ನಿಲ್ಲಲಿ. ಎಷ್ಟು ಸೆಕೆಂಡು ನಿಂತ ಅಂತ ನೀವು ಎಣಿಸಿ, ನಮಗೆ ಬರೆಯಿರಿ.