ಸರ್ ಪಾರ್ಟ್ನರ್ ಮಾಡ್ತೀನಿ ಅಂತಿದ್ದಾರೆ, ಒಪ್ಪಿಕೊಳ್ಳಲಾ?

ಪ್ರಶ್ನೆ: ನನಗೆ 32 ವರ್ಷ. ದಾವಣಗೆರೆಯ ಒಂದು ಸಣ್ಣ ಕನ್ಸಲ್ಟಿಂಗ್ ಸಂಸ್ಥೆಯಲ್ಲಿ ಕೆಲಸ. ಎಲ್ಲಾ ಸೇರಿ ಒಂಬತ್ತು ಜನ. ಅಕ್ಕಿ ಗಿರಣಿ, ಮೆಕ್ಕೆಜೋಳದ ವ್ಯಾಪಾರದವರು, ಮಂಡಕ್ಕಿ ಭಟ್ಟಿಯವರು, ಹರಿಹರದ ಕಡೆಯ ಸಣ್ಣ ವರ್ಕ್‌ಶಾಪ್‌ಗಳು, ಇವರಿಗೆಲ್ಲ ಪ್ರಾಜೆಕ್ಟ್ ರಿಪೋರ್ಟ್, ಬ್ಯಾಂಕ್ ಸಾಲದ ಕಾಗದ, ಸಬ್ಸಿಡಿ ಕೆಲಸ ಮಾಡಿಕೊಡುತ್ತೇವೆ. ನಮ್ಮ ಸರ್‌ಗೆ ಅರವತ್ತು ದಾಟಿದೆ. ಮೊದಲ ದಿನದಿಂದ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದಾರೆ. ಈಗ "ಇನ್ನು ನೀನೇ ನೋಡ್ಕೋಬೇಕಮ್ಮಾ, ಪಾರ್ಟ್ನರ್ ಮಾಡ್ತೀನಿ" ಅಂತಿದ್ದಾರೆ. ಆದರೆ ನನಗಿಂತ ಸೀನಿಯರ್ ಒಬ್ಬರು ಇದ್ದಾರೆ. ಪಾರ್ಟಿಗಳು ಈಗಲೂ "ಸರ್ ಇಲ್ವೇನಮ್ಮಾ?" ಅಂತಲೇ ಕೇಳುತ್ತಾರೆ. ಇತ್ತ ಬೆಂಗಳೂರಿನ ದೊಡ್ಡ ಕಂಪನಿಯಿಂದ ಕರೆ ಬಂದಿದೆ, ಸಂಬಳ ಜಾಸ್ತಿ. ಏನು ಮಾಡಲಿ?
(ಹೆಸರು ಬೇಡ, ದಾವಣಗೆರೆ)

ಉತ್ತರ: ಬೆಂಗಳೂರಿನ ಮಾತು ಮೊದಲು ಮುಗಿಸೋಣ. ಸಂಬಳ ಒಂದೇ ಲೆಕ್ಕವಾದರೆ ಹೋಗಿ, ಅದರಲ್ಲಿ ತಪ್ಪೇನಿಲ್ಲ. ಬಾಡಿಗೆ, ಓಡಾಟ ಕಳೆದು ಕೈಯಲ್ಲಿ ಎಷ್ಟು ಉಳಿಯುತ್ತದೆ ಅಂತ ಮಾತ್ರ ಒಂದು ಹಾಳೆಯಲ್ಲಿ ಬರೆದು ನೋಡಿ. ದೊಡ್ಡ ಕಂಪನಿಯಲ್ಲಿ ಅನಲಿಸ್ಟ್, ಕನ್ಸಲ್ಟೆಂಟ್, ಮ್ಯಾನೇಜರ್ ಅಂತ ಮೆಟ್ಟಿಲುಗಳಿರುತ್ತವೆ. ಅವನ್ನೆಲ್ಲ ಹತ್ತಿ ಒಬ್ಬ ಮಾಲೀಕರ ಎದುರು ಕೂತು ಫೀಸ್ ಮಾತಾಡುವ ಹೊತ್ತಿಗೆ ತಲೆಗೂದಲು ಬೆಳ್ಳಗಾಗಿರುತ್ತದೆ. ಒಂಬತ್ತು ಜನರ ಆಫೀಸಿನಲ್ಲಿ ಅದು ಮುಂದಿನ ಸೋಮವಾರವೇ ಆಗಬಹುದು. ತೊಂದರೆ ಏನಂದ್ರೆ, ಇಲ್ಲಿ ಮೆಟ್ಟಿಲೇ ಇಲ್ಲ. ಎಲ್ಲಾ ಒಬ್ಬರ ಮನಸ್ಸಿನ ಮೇಲೆ ನಿಂತಿದೆ.

ಹಾಗಾಗಿ ಸರ್ ಒಳ್ಳೆಯವರಾ ಅನ್ನುವುದು ಪ್ರಶ್ನೆಯಲ್ಲ. ಒಳ್ಳೆಯವರೇ, ನಿಮ್ಮ ಪತ್ರ ಓದಿದರೆ ಗೊತ್ತಾಗುತ್ತದೆ. ಅವರು ಇಷ್ಟು ದಿನದಲ್ಲಿ ನಿಮ್ಮ ಕೈಗೆ ಏನು ಬಿಟ್ಟುಕೊಟ್ಟಿದ್ದಾರೆ ಅನ್ನುವುದು ಪ್ರಶ್ನೆ. ರಿಪೋರ್ಟ್ ಬರೆಯುವುದು ಕಲಿಸಿದ್ದಾರೆ, ಸರಿ. ಫೀಸ್ ಯಾರು ಹೇಳುತ್ತಾರೆ? ಬಾಕಿ ಕೇಳಲು ಫೋನ್ ಮಾಡುವವರು ಯಾರು? ಬ್ಯಾಂಕ್ ಮ್ಯಾನೇಜರ್ ಫೈಲಿನಲ್ಲಿ ತಕರಾರು ತೆಗೆದಾಗ ಯಾರಿಗೆ ಫೋನ್ ಬರುತ್ತದೆ? ಈ ಮೂರಕ್ಕೂ "ಸರ್" ಅನ್ನುವುದೇ ಉತ್ತರವಾದರೆ, ನೀವು ಇನ್ನೂ ಅವರ ಒಳ್ಳೆಯ ಸಹಾಯಕಿ. ಪಾರ್ಟ್ನರ್ ಅಂತ ಬೋರ್ಡ್ ಬರೆಸಿದರೂ ಸಹಾಯಕಿಯೇ.

ಫೀಸ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಸಣ್ಣ ಸಂಸ್ಥೆಯ ಜೀವ ಅಲ್ಲೇ ಇರುವುದು. ಮಂಡಿಪೇಟೆಯಲ್ಲಿ ವ್ಯಾಪಾರ ಮಾಡಿ ಬೆಳೆದವರು ನಲವತ್ತು ಸಾವಿರ ಅಂದರೆ ಹದಿನೈದು ಅನ್ನುತ್ತಾರೆ. ಅದು ಅವಮಾನವಲ್ಲ, ಅಭ್ಯಾಸ. ಆಗ ನೀವು ಸರ್ ಮುಖ ನೋಡಿದರೆ ಮುಗಿಯಿತು, ಮುಂದೆ ಎಂದೂ ಅವರು ನಿಮ್ಮ ಜೊತೆ ರೇಟ್ ಮಾತಾಡುವುದಿಲ್ಲ. ಸರ್ ಹತ್ತಿರ ಒಂದು ಪಾರ್ಟಿಯನ್ನು ಪೂರ್ತಿ ಕೇಳಿ ತೆಗೆದುಕೊಳ್ಳಿ. ಫೀಸ್ ಹೇಳುವುದರಿಂದ ಕೊನೆಯ ರೂಪಾಯಿ ವಸೂಲಿ ಆಗುವವರೆಗೂ ನಿಮ್ಮದೇ. ಸರ್ ಆ ಮಾತುಕತೆಗೆ ಬರಬಾರದು. ಬಂದರೂ ಬಾಯಿ ಬಿಡಬಾರದು (ಇದು ಅವರಿಗೆ ಕಷ್ಟ ಆಗುತ್ತದೆ, ಆಗಲಿ). ಬಾಕಿ ಕೇಳಲು ಮುಜುಗರ ಅನ್ನಿಸಿದರೆ ಒಂದು ಮಾತು ನೆನಪಿಡಿ: ನಿಮ್ಮ ಸಂಸ್ಥೆ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಸರ್ಕಾರದ ನೋಂದಣಿ) ಇರುವ ಸಣ್ಣ ಸಂಸ್ಥೆಯಾದರೆ, 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ ಲಿಖಿತ ಕರಾರಿನಲ್ಲೂ ಹಣ ಕೊಡಲು 45 ದಿನಕ್ಕಿಂತ ಹೆಚ್ಚು ಗಡುವು ಹಾಕುವಂತಿಲ್ಲ. ಕರಾರೇ ಇಲ್ಲದಿದ್ದರೆ 15 ದಿನ. ಕಾಯ್ದೆ ತೋರಿಸಿ ಯಾರನ್ನೂ ಹೆದರಿಸಬೇಡಿ, ಬಿಲ್ಲಿನ ಕೆಳಗೆ ಒಂದು ಸಾಲು ಹಾಕಿ ಸಾಕು.

"ಸರ್ ಇಲ್ವೇನಮ್ಮಾ" ಅನ್ನುವವರನ್ನು ನೀವೊಬ್ಬರೇ ಬದಲಾಯಿಸಲು ಆಗುವುದಿಲ್ಲ. ಅದು ಸರ್ ಮಾಡಬೇಕಾದ ಕೆಲಸ. ಫೋನ್ ಬಂದಾಗ "ಆ ವಿಷಯ ಅವರನ್ನೇ ಕೇಳಿ, ನನಗಿಂತ ಚೆನ್ನಾಗಿ ಗೊತ್ತು" ಅಂತ ಅವರು ಹೇಳಬೇಕು. ನಿಮ್ಮ ಕಡೆಯಿಂದಲೂ ಒಂದು ಅಭ್ಯಾಸ ಬಿಡಿ. "ಸರ್‌ನ ಕೇಳಿ ಹೇಳ್ತೀನಿ" ಅನ್ನಬೇಡಿ. "ನಾಳೆ ಹನ್ನೊಂದಕ್ಕೆ ಹೇಳ್ತೀನಿ" ಅನ್ನಿ. ಆಮೇಲೆ ಒಳಗೆ ಹೋಗಿ ಬೇಕಾದಷ್ಟು ಕೇಳಿ, ಬೈಸಿಕೊಳ್ಳಿ, ವಾದ ಮಾಡಿ. ಹೊರಗೆ ಬರುವ ಉತ್ತರ ನಿಮ್ಮ ಬಾಯಿಂದಲೇ ಬರಬೇಕು.

ಇನ್ನೊಂದು, ಕೆಲಸ ಬೇಡ ಅನ್ನುವ ಅಧಿಕಾರ. ಮಂಡಕ್ಕಿ ಭಟ್ಟಿಯವರಿಗೆ ಯಂತ್ರ ಹಾಕಿಸಿಕೊಡಲು ಪಿಎಂಎಫ್‌ಎಂಇ (ಸಣ್ಣ ಆಹಾರ ತಯಾರಿಕಾ ಘಟಕಗಳಿಗೆ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ) ಫೈಲ್ ಮಾಡಿರುತ್ತೀರಿ. ಅದರ ಮೂಲ ಸಬ್ಸಿಡಿ ಲೆಕ್ಕ ಯೋಜನಾ ವೆಚ್ಚದ ಶೇ. 35, ಗರಿಷ್ಠ 10 ಲಕ್ಷ, ಅಂದರೆ ವೆಚ್ಚ ಜಾಸ್ತಿ ತೋರಿಸಿದರೆ ಆ ಮಿತಿಯವರೆಗೆ ಸಬ್ಸಿಡಿಯೂ ಜಾಸ್ತಿ. ಆಗ ಯಾರೋ ಒಬ್ಬರು ಬಂದು "ಮೇಡಂ, ಕೊಟೇಶನ್ ಸ್ವಲ್ಪ ಏರಿಸಿ ಹಾಕ್ಸಿ" ಅನ್ನುತ್ತಾರೆ. ಅನ್ನದೇ ಇರುವವರು ಕಮ್ಮಿ. ಆ ಫೈಲ್ ಬೇಡ ಅಂತ ನೀವು ವಾಪಸ್ ಕಳಿಸಿದ ದಿನ ಸರ್ ನಿಮ್ಮ ಪರ ನಿಲ್ಲುತ್ತಾರಾ, ಅಥವಾ ಸಂಜೆ ಅದೇ ಪಾರ್ಟಿಗೆ ತಾವೇ ಫೋನ್ ಮಾಡುತ್ತಾರಾ? ಪಾರ್ಟ್ನರ್ ಆಗುವ ಮೊದಲೇ ಇದು ಗೊತ್ತಾದರೆ ಒಳ್ಳೆಯದು.

ಸೀನಿಯರ್ ಬಗ್ಗೆ ಹೆದರಿಕೊಂಡಿದ್ದೀರಿ. ಈ ಸುದ್ದಿ ಅವರಿಗೆ ಸರ್ ಬಾಯಿಂದಲೇ, ಬೇರೆಯವರಿಗೆಲ್ಲ ಗೊತ್ತಾಗುವ ಮೊದಲೇ ತಲುಪಬೇಕು. ಅವರಿಗೆ ಏನು ಬೇಕು ಅಂತಲೂ ಕೇಳಬೇಕು. ಎಷ್ಟೋ ಸೀನಿಯರ್‌ಗಳಿಗೆ ವಸೂಲಿಯ ತಲೆನೋವು ಬೇಡವೇ ಬೇಡ. ಮರ್ಯಾದೆ, ಸಂಬಳ ಎರಡೂ ಸ್ವಲ್ಪ ಏರಿದರೆ ಸಾಕು ಅನ್ನುತ್ತಾರೆ. ಅವರೂ ಪಾರ್ಟ್ನರ್ ಆಗಬೇಕು ಅಂದರೆ, ಮೂವರೂ ಕೂತು ಮಾತಾಡುವುದು ಬಿಟ್ಟು ಬೇರೆ ದಾರಿ ಇಲ್ಲ.

ಈಗ ಕಾಗದ. "ಪಾರ್ಟ್ನರ್ ಮಾಡ್ತೀನಿ" ಅನ್ನುವ ಮಾತಿನಲ್ಲಿ ಎರಡು ಬೇರೆ ಬೇರೆ ವಿಷಯ ಇರಬಹುದು. 1932ರ ಪಾಲುದಾರಿಕೆ ಕಾಯ್ದೆಯಡಿ ಮಾಮೂಲಿ ಫರ್ಮ್ ಆದರೆ, ನೀವು ಪಾಲುದಾರರಾಗಿರುವಾಗ ಫರ್ಮ್ ಮಾಡಿಕೊಂಡ ಸಾಲಕ್ಕೆ ಎಲ್ಲರೂ ಸೇರಿ ಮತ್ತು ಒಬ್ಬೊಬ್ಬರೂ ಹೊಣೆ, ಅಂದರೆ ನಿಮ್ಮ ಸ್ವಂತ ಮನೆ, ಒಡವೆವರೆಗೂ ಬರಬಹುದು. ನೀವು ಸೇರುವ ಮೊದಲಿನ ಸಾಲ ತಾನಾಗಿಯೇ ನಿಮ್ಮ ಮೇಲೆ ಬರುವುದಿಲ್ಲ, ಆದರೆ ಕರಾರಿನಲ್ಲಿ ಒಪ್ಪಿಕೊಂಡರೆ ಬರುತ್ತದೆ. ಅದಕ್ಕೇ ಸಹಿ ಮಾಡುವ ಮೊದಲು ಓದಿ ಅನ್ನುವುದು. ಲಾಭದ ಪಾಲು ಎಷ್ಟು ಅಂತ ಮಾತಾಗದೇ ಇದ್ದರೆ ಕಾನೂನಿನ ಪ್ರಕಾರ ಎಲ್ಲರಿಗೂ ಸಮ, ನಷ್ಟವೂ ಸಮ. 2008ರ ಕಾಯ್ದೆಯ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆದರೆ ಸಾಮಾನ್ಯವಾಗಿ ನೀವು ಹಾಕಿದ ಬಂಡವಾಳದಷ್ಟೇ ನಿಮ್ಮ ಹೊಣೆ, ಹೊಸ ಪಾಲುದಾರರು ಸೇರಿದ್ದನ್ನು 30 ದಿನದೊಳಗೆ ರಿಜಿಸ್ಟ್ರಾರ್‌ಗೆ ತಿಳಿಸಬೇಕು. ನನ್ನ ಕೇಳಿದರೆ ಎಲ್‌ಎಲ್‌ಪಿ.

ಮೂರು ವರ್ಷದ ಲೆಕ್ಕ, ಬರಬೇಕಾದ ಬಾಕಿ ಪಟ್ಟಿ, ಸರ್ ರಿಟೈರ್ ಆದ ಮೇಲೆ ಎಷ್ಟು ತೆಗೆದುಕೊಳ್ಳುತ್ತಾರೆ, ಎಲ್ಲಿಯವರೆಗೆ, ಇವೆಲ್ಲ ಕೇಳಿ. ಕೇಳಿದರೆ ಬೇಜಾರು ಮಾಡ್ಕೋತಾರೆ ಅಂತೀರಾ? ಬ್ಯಾಲೆನ್ಸ್ ಶೀಟ್ ನೋಡದೆ ಯಾರ ಫೈಲನ್ನೂ ಮುಟ್ಟಬೇಡ ಅಂತ ನಿಮಗೆ ಕಲಿಸಿದವರು ಅವರೇ ಅಲ್ವಾ.

ನನ್ನ ಮಾತು ಇಷ್ಟು: ಇಲ್ಲೇ ಇರಿ, ಆದರೆ ಮಾರ್ಚ್ ಕೊನೆಯವರೆಗೆ ಗಡುವು ಇಟ್ಟುಕೊಳ್ಳಿ. ಅಷ್ಟರಲ್ಲಿ ಒಂದು ಪಾರ್ಟಿಯೂ ನಿಮ್ಮ ಕೈಗೆ ಪೂರ್ತಿ ಬರದಿದ್ದರೆ, ಕಾಗದದ ಮಾತು ಮುಂದಕ್ಕೆ ಹೋಗುತ್ತಲೇ ಇದ್ದರೆ, ಆಗ ಬೆಂಗಳೂರಿನ ಕಡೆ ನೋಡಿ.

ಪ್ರಶ್ನೆ: ಚಿತ್ರದುರ್ಗದಲ್ಲಿ ಸಣ್ಣ ಕನ್ಸಲ್ಟೆನ್ಸಿ ನಡೆಸುತ್ತೇನೆ. ಹುಡುಗರಿಗೆ ಕೆಲಸ ಕಲಿಸಿದ ತಕ್ಷಣ ಬೆಂಗಳೂರು ಬಸ್ ಹತ್ತುತ್ತಾರೆ. ಇನ್ನು ಯಾಕೆ ಕಲಿಸಬೇಕು ಅನ್ನಿಸಿಬಿಟ್ಟಿದೆ.
(ಒಬ್ಬ ಓದುಗರು, ಚಿತ್ರದುರ್ಗ)

ಉತ್ತರ: ಇನ್ನೂರು ಕಿಲೋಮೀಟರ್ ಹೈವೇ ಇರುವ ಊರಲ್ಲಿ ಹುಡುಗರನ್ನು ಹಿಡಿದಿಡಲು ಆಗುವುದಿಲ್ಲ, ಸಂಬಳದಲ್ಲಿ ಪೈಪೋಟಿಯೂ ಆಗುವುದಿಲ್ಲ. ಆದರೆ ಕಲಿತದ್ದರಿಂದ ಅವರು ಹೋಗಲಿಲ್ಲ ಸರ್. ಕಲಿತ ಮೇಲೂ ಮೊದಲಿನ ಕೆಲಸವನ್ನೇ ಮಾಡಿಸಿದ್ದರಿಂದ ಹೋಗಿರಬಹುದು, ಒಮ್ಮೆ ಯೋಚಿಸಿ. ಚಳ್ಳಕೆರೆಯ ಎಣ್ಣೆ ಗಿರಣಿಯ ಫೈಲ್ ಒಂದನ್ನು ಒಬ್ಬ ಹುಡುಗನಿಗೇ ಬಿಡಿ. ಆ ಫೀಸಿನಲ್ಲಿ ಒಂದು ಪಾಲು ಅವನಿಗೆ ಅಂತ ಮೊದಲೇ ಬರೆದುಕೊಡಿ. ಆಫೀಸಿನ ತಿಂಗಳ ಖರ್ಚು ವರಮಾನ ಅವನಿಗೆ ತೋರಿಸಿ. ನಮ್ಮಲ್ಲಿ ಲೆಕ್ಕ ತೋರಿಸಿದರೆ ಕಣ್ಣು ಬೀಳುತ್ತದೆ ಅಂತ ಮುಚ್ಚಿಡುವವರೇ ಜಾಸ್ತಿ. ಲೆಕ್ಕ ಗೊತ್ತಿಲ್ಲದ ಹುಡುಗ ನಾಳೆ ಆಫೀಸ್ ಹೇಗೆ ನಡೆಸುತ್ತಾನೆ? ಅಷ್ಟಾದ ಮೇಲೂ ಹೋಗುವವರು ಹೋಗಲಿ, ಜಗಳ ಮಾಡಿ ಕಳಿಸಬೇಡಿ. ಈ ಕಡೆ ಏನಾದರೂ ಕೆಲಸ ಇದ್ದರೆ ಅವರಿಗೆ ಮೊದಲು ನೆನಪಾಗುವುದು ನೀವೇ.

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಕಲಿಸುವವರೇ ಇಲ್ಲ. ಎಲ್ಲಿಂದ ತರಲಿ?
(ಓದುಗಿ, ಹರಿಹರ)

ಉತ್ತರ: ಆಫೀಸಿನ ಹೊರಗೆ ಹುಡುಕಿ. ನಿಮ್ಮೂರಲ್ಲೂ ದಾವಣಗೆರೆಯಲ್ಲೂ ರಿಟೈರ್ ಆದ ಬ್ಯಾಂಕ್ ಮ್ಯಾನೇಜರ್‌ಗಳು ಸಿಗುತ್ತಾರೆ, ಯಾವ ಫೈಲ್ ಯಾಕೆ ವಾಪಸ್ ಬರುತ್ತದೆ ಅಂತ ಅವರಷ್ಟು ಗೊತ್ತಿರುವವರು ಇಲ್ಲ. "ನನಗೆ ಮಾರ್ಗದರ್ಶನ ಮಾಡಿ" ಅಂತ ಹೋದರೆ ಅವರೂ ಏನು ಹೇಳಬೇಕೋ ತಿಳಿಯದೆ ನಾಲ್ಕು ಒಳ್ಳೆ ಮಾತು ಹೇಳಿ ಕಳಿಸುತ್ತಾರೆ. ತಿರಸ್ಕಾರವಾದ ಒಂದು ಫೈಲ್ ತೆಗೆದುಕೊಂಡು ಹೋಗಿ, ಪಾರ್ಟಿಯ ಹೆಸರು ಮುಚ್ಚಿಟ್ಟು, ಇದರಲ್ಲಿ ಏನು ತಪ್ಪಿದೆ ಅಂತ ಕೇಳಿ.