ಹತ್ತು ವರ್ಷದಲ್ಲಿ ಹದಿನಾರು ವರ್ಷ ಮುದುಕರಾದ ಐರಿಷ್ ಅಜ್ಜ

ಪ್ರಶ್ನೆ: ನನ್ನ ಪತಿ ಐರಿಷ್, ಕ್ಲೇರ್ ಕೌಂಟಿಯವರು. ಮಕ್ಕಳಿಗಾಗಿ ವಂಶವೃಕ್ಷ ಬರೆಯುತ್ತಿದ್ದೇನೆ. ಅವರ ಪೂರ್ವಜರೊಬ್ಬರಿಗೆ 1901ರ ಜನಗಣತಿಯಲ್ಲಿ 55 ವರ್ಷ, 1911ರಲ್ಲಿ 71. ಇವರು ಬೇರೆ ಬೇರೆಯವರೇ? ಹಳೆಯ ಗಣತಿ ನೋಡೋಣವೆಂದರೆ 1922ರಲ್ಲಿ ಎಲ್ಲ ಸುಟ್ಟುಹೋಯಿತು ಅನ್ನುತ್ತಾರೆ.

ಉತ್ತರ: ‘ಎಲ್ಲ ಸುಟ್ಟುಹೋಯಿತು’ ಅನ್ನುವವರು ಹೆಚ್ಚಾಗಿ ಹುಡುಕಿಯೇ ಇರುವುದಿಲ್ಲ. 1922ರ ಜೂನ್ 30ರಂದು ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದ ದಾಖಲೆ ಕಚೇರಿ ಉರಿದದ್ದು ನಿಜ. 1821ರಿಂದ 1851ರವರೆಗಿನ ಗಣತಿಗಳಲ್ಲಿ ಬಹುಪಾಲು ಹೋಯಿತು, ಉಯಿಲುಗಳೂ ಹೋದವು. 1861ರಿಂದ 1891ರವರೆಗಿನ ನಾಲ್ಕನ್ನು ಸರ್ಕಾರ ಅದಕ್ಕೂ ಮೊದಲೇ ತಾನಾಗಿ ನಾಶಮಾಡಿತ್ತು. ಆ ಪಾಪವನ್ನು ಬೆಂಕಿಯ ತಲೆಗೆ ಕಟ್ಟಬೇಡಿ. ಕ್ಯಾಥೊಲಿಕ್ ಚರ್ಚುಗಳ ಪುಸ್ತಕಗಳು, ಸಿವಿಲ್ ನೋಂದಣಿ, ಗ್ರಿಫಿತ್ ಭೂಮೌಲ್ಯಮಾಪನ (ತೆರಿಗೆಗಾಗಿ ಮಾಡಿದ ಹಿಡುವಳಿಗಳ ಪಟ್ಟಿ) ಎಲ್ಲವೂ ಇವೆ, ಉಚಿತವಾಗಿ ಆನ್‌ಲೈನ್‌ನಲ್ಲೇ ಸಿಗುತ್ತವೆ.

ಇನ್ನು ವಯಸ್ಸು. ಹೆಂಡತಿ, ಮಕ್ಕಳು, ಟೌನ್‌ಲ್ಯಾಂಡ್ (ಐರ್ಲೆಂಡಿನ ಅತಿ ಚಿಕ್ಕ ಭೂವಿಭಾಗ) ಮೂರೂ ತಾಳೆಯಾದರೆ ಮನುಷ್ಯ ಒಬ್ಬರೇ. 1909ರ ಜನವರಿಯಿಂದ 70 ತುಂಬಿದ ಬಡವರಿಗೆ ವಾರಕ್ಕೆ 5 ಷಿಲಿಂಗ್‌ವರೆಗೆ ಪಿಂಚಣಿ ಬಂತು. ಎಲ್ಲರ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ, ಹಾಗಾಗಿ ಆ ಪೀಳಿಗೆಗೆ ಪ್ರಮಾಣಪತ್ರವೇ ಇಲ್ಲ. 1901ರಲ್ಲಿ ಅಂದಾಜಿಗೆ ಬರೆಸಿದ ವಯಸ್ಸು 1911ರ ಹೊತ್ತಿಗೆ ಎಪ್ಪತ್ತು ದಾಟಿತು, ಅಷ್ಟೆ. ನಿಜವಾದ ಜನ್ಮವರ್ಷ ಹೆಚ್ಚಾಗಿ ಎರಡರ ನಡುವೆ ಎಲ್ಲೋ ಇರುತ್ತದೆ.

ನಿಮ್ಮ ಅದೃಷ್ಟ ಇರುವುದೂ ಆ ಪಿಂಚಣಿಯಲ್ಲೇ. ವಯಸ್ಸು ಸಾಬೀತುಪಡಿಸಲು ಅರ್ಜಿದಾರರ ಪರವಾಗಿ 1841 ಮತ್ತು 1851ರ ಗಣತಿಯಲ್ಲಿ ಹುಡುಕಿಸುತ್ತಿದ್ದರು, ಆಗಿನ್ನೂ ಅವು ಸುಟ್ಟಿರಲಿಲ್ಲ. ಆ ಹುಡುಕಾಟದ ಚೀಟಿಗಳು ಡಬ್ಲಿನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿ ಉಳಿದಿವೆ. ಒಂದು ಚೀಟಿಯಲ್ಲಿ ಅಪ್ಪನ ಹೆಸರು, ಅಮ್ಮನ ತವರಿನ ಅಡ್ಡಹೆಸರು, ಬಾಲ್ಯದ ಟೌನ್‌ಲ್ಯಾಂಡ್, ಪ್ಯಾರಿಷ್ (ಚರ್ಚಿನ ವ್ಯಾಪ್ತಿ), ಬ್ಯಾರನಿ (ಕೌಂಟಿಯ ಹಳೆಯ ಉಪವಿಭಾಗ). ಕೆಳಗೆ ಗುಮಾಸ್ತರ ಷರಾ, ಸಿಕ್ಕಿತೋ ಇಲ್ಲವೋ ಎಂದು. ಸುಟ್ಟ ಗಣತಿಯ ಒಂದು ಮನೆ ಹೀಗೆ ಚೀಟಿಯಲ್ಲಿ ಬದುಕಿರುತ್ತದೆ.

ಚೀಟಿ ಸಿಗದಿದ್ದರೆ 1911ರ ನಮೂನೆಗೆ ಮರಳಿ. ವಿವಾಹಿತ ಹೆಂಗಸರು ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂದು ಬರೆಯಬೇಕಿತ್ತು. ಮದುವೆಯಾಗಿ 38 ವರ್ಷ ಎಂದಿದ್ದರೆ ಮದುವೆ 1873ರ ಸುಮಾರಿಗೆ. ಹಿಂದೆ ಮುಂದೆ ಎರಡೆರಡು ವರ್ಷ ಸೇರಿಸಿ ಹುಡುಕಿ. ಮದುವೆಯ ದಾಖಲೆಯಲ್ಲಿ ಇಬ್ಬರ ತಂದೆಯರ ಹೆಸರೂ ಕಸುಬೂ ಇರುತ್ತವೆ. ವಯಸ್ಸಿನ ಜಾಗದಲ್ಲಿ ‘ಫುಲ್’ ಎಂದಿದ್ದರೆ 21 ದಾಟಿದೆ ಎಂದಷ್ಟೇ ಅರ್ಥ. ಆಮೇಲೆ ಚರ್ಚಿನ ಪುಸ್ತಕ: ಅಲ್ಲಿ ಲ್ಯಾಟಿನ್ ರೂಪದಲ್ಲಿ ಜೇಮ್ಸ್ ಜಾಕೋಬಸ್ ಆಗಿರುತ್ತಾನೆ, ವಿಲಿಯಂ ಗುಲಿಯೆಲ್ಮಸ್. ಅಡ್ಡಹೆಸರನ್ನು ‘ಓ’, ‘ಮ್ಯಾಕ್’ ಇಟ್ಟೂ ಹುಡುಕಿ, ಬಿಟ್ಟೂ ಹುಡುಕಿ.

ಮಕ್ಕಳ ದಾಖಲೆಗಳಲ್ಲಿ ದೀಕ್ಷಾಸ್ನಾನ ಮೊದಲು, ಜನನ ಆಮೇಲೆ ಎಂದು ಕಂಡರೆ ಗಾಬರಿಯಾಗಬೇಡಿ. ನೋಂದಣಿ ತಡವಾದರೆ ದಂಡ ಬೀಳುತ್ತಿತ್ತು, ಅದಕ್ಕೇ ಹುಟ್ಟಿದ ದಿನವನ್ನು ಮುಂದಕ್ಕೆ ತಳ್ಳುತ್ತಿದ್ದರು. ಪಾದ್ರಿಯ ತಾರೀಖನ್ನು ನಂಬಿ.

ಗ್ರಿಫಿತ್ ಪಟ್ಟಿಯನ್ನು ಕೊನೆಗಿಡಿ. ಅದರಲ್ಲಿ ಹಿಡುವಳಿದಾರನ ಹೆಸರಷ್ಟೇ ಇರುತ್ತದೆ, ಮನೆಮಂದಿಯದಲ್ಲ. ಟೌನ್‌ಲ್ಯಾಂಡ್ ಗೊತ್ತಿಲ್ಲದೆ ಅಲ್ಲಿ ಹೆಸರು ಹುಡುಕಿ ‘ಸಿಕ್ಕರು’ ಎಂದು ಕುಣಿಯುವವರ ವೃಕ್ಷಗಳಲ್ಲಿ ಯಾರದೋ ಅಜ್ಜ ಯಾರಿಗೋ ತಂದೆಯಾಗಿರುತ್ತಾನೆ.

ಪ್ರಶ್ನೆ: ನಮ್ಮದು ಬೆಂಗಳೂರಿನ ಆಂಗ್ಲೋ-ಇಂಡಿಯನ್ ಮನೆತನ. ಅಜ್ಜನ ಅಜ್ಜ ಡಬ್ಲಿನ್ ಫ್ಯುಸಿಲಿಯರ್ಸ್ ಸೈನಿಕರಂತೆ. ಐರಿಷ್ ಪಾಸ್‌ಪೋರ್ಟ್ ಸಿಗುವುದೇ?

ಉತ್ತರ: ಇಷ್ಟರಿಂದಲೇ ಸಿಗುವುದಿಲ್ಲ. ಅಜ್ಜ ಅಥವಾ ಅಜ್ಜಿ ಐರ್ಲೆಂಡಿನಲ್ಲಿ ಹುಟ್ಟಿದ್ದರೆ ದಾರಿಯಿದೆ. ಅದಕ್ಕೂ ಹಿಂದಿನ ತಲೆಮಾರಾದರೆ, ನೀವು ಹುಟ್ಟುವ ಮೊದಲೇ ನಿಮ್ಮ ತಂದೆಯೋ ತಾಯಿಯೋ ವಿದೇಶಿ ಜನನಗಳ ಐರಿಷ್ ನೋಂದಣಿಯಲ್ಲಿ ಸೇರಿರಬೇಕು. ‘ಮಾಡಿಸಿಕೊಡ್ತೀವಿ’ ಎಂದು ಮುಂಗಡ ಕೇಳುವವರಿಗೆ ಬಾಗಿಲು ತೋರಿಸಿ. ರೆಜಿಮೆಂಟಿನ ಹೆಸರೂ ಪುರಾವೆಯಲ್ಲ: ಅದರ ಮೊದಲ ಬೆಟಾಲಿಯನ್ ಮೂಲದಲ್ಲಿ ಕಂಪನಿ ಸರ್ಕಾರದ ಮದ್ರಾಸ್ ಫ್ಯುಸಿಲಿಯರ್ಸ್, ‘ಡಬ್ಲಿನ್’ ಸೇರಿದ್ದು 1881ರಲ್ಲಿ. ವಂಶ ತಿಳಿಯುವ ಆಸೆಯಷ್ಟೇ ಆದರೆ ಲಂಡನ್‌ನ ಕ್ಯೂ ಎಂಬಲ್ಲಿನ ಬ್ರಿಟನ್ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಡಬ್ಲ್ಯೂಒ 97 ಸರಣಿಯ ನಿವೃತ್ತಿ ಪತ್ರಗಳಲ್ಲಿ ಹುಟ್ಟಿದ ಪ್ಯಾರಿಷ್ ಹುಡುಕಿ. ಸೇವೆಯಲ್ಲಿದ್ದಾಗಲೇ ತೀರಿಕೊಂಡವರು ಅಲ್ಲಿರುವುದಿಲ್ಲ. ಮದುವೆ, ದೀಕ್ಷಾಸ್ನಾನಗಳಿಗೆ ಬ್ರಿಟಿಷ್ ಲೈಬ್ರರಿಯ ಮದ್ರಾಸ್ ಚರ್ಚ್ ದಾಖಲೆಗಳು, ಎನ್/2 ಸರಣಿ.

ಪ್ರಶ್ನೆ: ನ್ಯೂಯಾರ್ಕ್‌ನ ವಲಸೆ ತಪಾಸಣಾ ಕೇಂದ್ರ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ನಮ್ಮವರ ಅಡ್ಡಹೆಸರು ಬದಲಿಸಿದರಂತೆ?

ಉತ್ತರ: ಇಲ್ಲ. ಅವರು ಹಡಗಿನವರು ತಂದ ಪಟ್ಟಿ ನೋಡಿ ಗುರುತು ಹಾಕುತ್ತಿದ್ದರು.

ಪ್ರಶ್ನೆ: ಮರ್ಫಿ ಮನೆತನದ ಲಾಂಛನ ಎಲ್ಲಿ ಕೊಳ್ಳಬಹುದು?

ಉತ್ತರ: ಲಾಂಛನ ಕೊಡುತ್ತಿದ್ದದ್ದು ವ್ಯಕ್ತಿಗೆ, ಅಡ್ಡಹೆಸರಿಗಲ್ಲ. ಅಂಗಡಿಯ ಮಗ್ಗಿನ ಮೇಲಿರುವುದು ಬರೀ ಚಿತ್ರ; ಕಾಫಿ ಕುಡಿಯಲು ಸಾಕು.